ಹಳೇ ಸ್ಕೂಲ್ ಬಸ್ಸುಗಳ ಜಾತ್ರೆಗೆ ಹೋಗುವವರಿಗೆ

ನಾನು ತೀರ್ಥಹಳ್ಳಿಯವನು. ಮೂವತ್ತೊಂದು ವರ್ಷ ಬಸ್ ರಿಪೇರಿ ಶೆಡ್ ನಡೆಸಿದ್ದೇನೆ. ಮಗಳು, ಅಳಿಯ ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿದ್ದಾರೆ. ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ ನೋಡಿಕೊಂಡು ನಾನೂ ನಮ್ಮನೆಯವಳೂ ಅಲ್ಲಿಗೆ ಹೋಗಿದ್ದೆವು. ಎರಡು ವಾರ ಕಳೆದ ಮೇಲೆ ಮಗಳು, “ಅಪ್ಪಯ್ಯ, ನಿಂಗೊಂದು ಜಾತ್ರೆ ತೋರಿಸ್ತೀನಿ. ತೇರಿಲ್ಲ, ದೇವರಿಲ್ಲ, ಬರೀ ಬಸ್ಸು” ಅಂದಳು.

ಮರುಭೂಮಿಯಲ್ಲಿ ನಾಲ್ಕು ರಾತ್ರಿ ಇದ್ದು ಬಂದೆವು. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಹೋಗಿ ಮೂರು ತಿಂಗಳು ಮನೆಯೊಳಗೇ ಕೂತು ವಾಪಸ್ ಬರುತ್ತಾರೆ. ಅಂಥವರಿಗೆ, ಅವರನ್ನು ಕರೆದುಕೊಂಡು ಹೋಗುವ ಮಕ್ಕಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಖಂಡಿತ ಹೋಗಿ. ಆದರೆ ತಯಾರಿ ಮಾಡಿಕೊಂಡು ಹೋಗಿ. ಮಲೆನಾಡಿನವರಿಗೆ ಒಂದು ವಿಷಯದಲ್ಲಿ ಜಾಸ್ತಿ ತಯಾರಿ ಬೇಕು. ಅದು ನೀರು.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಅಲ್ಲಿ ಶಾಲೆಗಳು ತಮ್ಮ ಹಳೇ ಬಸ್ಸುಗಳನ್ನು ಹರಾಜು ಹಾಕುತ್ತವೆ. ಜನ ಅದನ್ನು ಕೊಂಡು, ಸೀಟು ಕಿತ್ತು, ಒಳಗೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಕಟ್ಟಿಕೊಂಡು ಮನೆ ಮಾಡಿಕೊಳ್ಳುತ್ತಾರೆ. ಅಂಥ ಬಸ್ಸಿಗೆ ‘ಸ್ಕೂಲಿ’ ಅನ್ನುತ್ತಾರೆ. ಕೆಲವರು ರಜೆಯಲ್ಲಿ ಮಾತ್ರ ಓಡಿಸುತ್ತಾರೆ, ಇನ್ನು ಕೆಲವರಿಗೆ ವರ್ಷವಿಡೀ ಅದೇ ಮನೆ. ಚಳಿಗಾಲದಲ್ಲಿ ಇವರೆಲ್ಲ ಅರಿಝೋನಾದ ಮರುಭೂಮಿಗೆ ಬಂದು ಸೇರುತ್ತಾರೆ. ಸ್ಕೂಲಿಪಲೂಜಾ ಅನ್ನುವುದು ಇದರಲ್ಲಿ ಹೆಸರಾದದ್ದು. ಇಪ್ಪತ್ತು ಮೂವತ್ತು ಬಸ್ಸಿನ ಸಣ್ಣ ಕೂಟಗಳೂ ಇರುತ್ತವೆ. ನಾವು ಹೋದದ್ದು ಅಂಥ ಒಂದು ಸಣ್ಣ ಕೂಟಕ್ಕೆ, ಕ್ವಾರ್ಟ್ಸ್‌ಸೈಟ್ ಅನ್ನುವ ಊರಿನ ಹೊರಗೆ. ಮೊದಲ ಸಲ ಹೋಗುವವರಿಗೆ ಸಣ್ಣದೇ ಒಳ್ಳೆಯದು. ಎರಡನೇ ದಿನಕ್ಕೆ ಎಲ್ಲರ ಮುಖ ಪರಿಚಯ ಆಗಿಬಿಡುತ್ತದೆ.

ಬಸ್ ಇಲ್ಲದವರು ಹೋಗಬಹುದಾ ಅಂತ ಕೇಳಿಯೇ ಹೋಗಬೇಕು. ನಾವು ಹೋದ ಕಡೆ ಬಾಡಿಗೆ ವ್ಯಾನು, ಟೆಂಟು ಎಲ್ಲಕ್ಕೂ ಜಾಗ ಇತ್ತು. ಅಳಿಯ ಒಂದು ವ್ಯಾನು ಬಾಡಿಗೆಗೆ ತಂದ. ನಾವಿಬ್ಬರು ವ್ಯಾನಿನಲ್ಲಿ, ಅವರಿಬ್ಬರು ಟೆಂಟಿನಲ್ಲಿ. ದಿನ ಮತ್ತು ಜಾಗದ ವಿಷಯದಲ್ಲಿ ಹೋದ ವರ್ಷದ್ದನ್ನು ನಂಬಿಕೊಂಡು ಹೊರಡಬೇಡಿ. ಮರುಭೂಮಿಯಲ್ಲಿ ಬೋರ್ಡು ಇರುವುದಿಲ್ಲ. ಜಾಗವನ್ನು ಫೋನಿನ ಮ್ಯಾಪಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ, ನೆಟ್‌ವರ್ಕ್ ಸಿಗದ ಕಡೆಯೂ ದಾರಿ ತೋರಿಸುತ್ತದೆ.

ಫೀನಿಕ್ಸ್‌ನಿಂದ ಕ್ವಾರ್ಟ್ಸ್‌ಸೈಟಿಗೆ ಸುಮಾರು 200 ಕಿಲೋಮೀಟರ್. ಒಂದೇ ಹೆದ್ದಾರಿ, ಎರಡು ಗಂಟೆ ದಾರಿ. ಸುತ್ತಲಿನ ಜಮೀನು ಹೆಚ್ಚಿನದು ಸರ್ಕಾರದ್ದು. ಬಿಎಲ್‌ಎಂ ಅನ್ನುವ ಇಲಾಖೆ ನೋಡಿಕೊಳ್ಳುತ್ತದೆ. ಬಯಲಿನಲ್ಲಿ ದುಡ್ಡು ಕೊಡದೆ 14 ದಿನ ಇರಬಹುದು. ಅದಕ್ಕಿಂತ ಜಾಸ್ತಿ ದಿನ ಇರುವವರಿಗೆ ಬೇರೆ ಜಾಗ ಗುರುತು ಮಾಡಿದ್ದಾರೆ, ಅಲ್ಲಿಗೆ ಪರ್ಮಿಟ್ ಬೇಕು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಇಡೀ ಸೀಸನ್ನಿಗೆ ನಾವು ಹೋದಾಗ 180 ಡಾಲರ್, 14 ದಿನಕ್ಕೆ 40 ಡಾಲರ್ ಇತ್ತು. ಹೊರಡುವ ಮುಂಚೆ ದರ ಒಮ್ಮೆ ನೋಡಿಕೊಂಡುಬಿಡಿ.

ಈಗ ನೀರಿನ ವಿಷಯ.

ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕ್ವಾರ್ಟ್ಸ್‌ಸೈಟಿನಲ್ಲಿ ವರ್ಷವಿಡೀ ಬಿದ್ದರೆ ಸುಮಾರು 100 ಮಿಲಿಮೀಟರ್. ಅಷ್ಟು ಮಳೆ ನಮ್ಮಲ್ಲಿ ಜುಲೈಯ ಒಂದು ಮಧ್ಯಾಹ್ನ ಸುರಿದುಬಿಡುತ್ತದೆ. ನೀರನ್ನು ಲೆಕ್ಕ ಹಾಕಿ ಬಳಸುವುದು ನಮ್ಮ ಕೈಗೆ ಅಭ್ಯಾಸವೇ ಇಲ್ಲ. ಕೊಡ ತುಂಬಿ ಚೆಲ್ಲುತ್ತಿದ್ದರೂ ನಾವು ನಲ್ಲಿ ನಿಲ್ಲಿಸುವುದು ನಿಧಾನ.

ಅಲ್ಲಿ ಬಯಲಿನಲ್ಲಿ ನಲ್ಲಿ ಇಲ್ಲ, ಬಾವಿ ಇಲ್ಲ. ಎಲ್ಲ ಹೊತ್ತುಕೊಂಡೇ ಹೋಗಬೇಕು. ಕುಡಿಯುವುದಕ್ಕೇ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ಇಟ್ಟುಕೊಳ್ಳಿ. ಚಳಿಗಾಲ, ಬಾಯಾರಿಕೆ ಆಗಲ್ಲ ಅನಿಸುತ್ತದೆ. ಆದರೆ ಗಾಳಿ ಒಣ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಸಂಜೆಗೆ ತಲೆನೋವು ಶುರುವಾಗುತ್ತದೆ. ನಾಲ್ಕು ಜನ, ಐದು ಹಗಲು, 80 ಲೀಟರ್ ಕುಡಿಯುವುದಕ್ಕೇ ಬೇಕು. ಅಡುಗೆ, ಕೈಕಾಲು, ಪಾತ್ರೆ ಬೇರೆ. ನಾವು ಐದು ಗ್ಯಾಲನ್ನಿನ ಆರು ಕ್ಯಾನ್ ಒಯ್ದೆವು, ಸುಮಾರು 114 ಲೀಟರ್.

ಮೊದಲ ಸಂಜೆಯೇ ತಪ್ಪಾಯಿತು. ನಮ್ಮನೆಯವಳು ಊರಿನಲ್ಲಿ ತೊಳೆಯುವ ಹಾಗೇ ಅಕ್ಕಿಯನ್ನು ಮೂರು ನೀರು ತೊಳೆದು ಚೆಲ್ಲಿದಳು. ಊಟ ಆದ ಮೇಲೆ ನಾಲ್ಕು ತಟ್ಟೆ, ಎರಡು ಪಾತ್ರೆ ನೀರು ಹಾಕಿ ತೊಳೆದೆವು. ಮಲಗುವ ಹೊತ್ತಿಗೆ ಒಂದು ಕ್ಯಾನ್ ಪೂರ್ತಿ, ಇನ್ನೊಂದರಲ್ಲಿ ಅರ್ಧ ಖಾಲಿ. ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ನಮ್ಮ ಬಚ್ಚಲಿನ ಕೈ ಅದು, ಅಷ್ಟೆ.

ಮರುದಿನ ಪಕ್ಕದ ಬಸ್ಸಿನ ದಂಪತಿ ತಾವು ಹೇಗೆ ಮಾಡುತ್ತೇವೆ ಅಂತ ತೋರಿಸಿಕೊಟ್ಟರು. ಊಟ ಆದ ಕೂಡಲೇ, ತಟ್ಟೆ ಒಣಗುವ ಮುಂಚೆ, ಕಾಗದದಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ಅರ್ಧ ವಿನೆಗರ್ ಅರ್ಧ ನೀರು ತುಂಬಿ, ತಟ್ಟೆಗೆ ಎರಡು ಸಲ ಹೊಡೆದು ಬಟ್ಟೆಯಲ್ಲಿ ಒರೆಸಿ. ನಾಲ್ಕು ತಟ್ಟೆಗೆ ಅರ್ಧ ಲೋಟ ನೀರೂ ಹೋಗುವುದಿಲ್ಲ. ಇದನ್ನು ನೋಡಿ ನಮ್ಮನೆಯವಳು ತನ್ನದೂ ಒಂದು ಉಪಾಯ ಮಾಡಿದಳು. ಊರಿನಲ್ಲಿ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ದನಕ್ಕೆ ಇಡುತ್ತೇವಲ್ಲ, ಇಲ್ಲಿ ಅದನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟು ಎಣ್ಣೆ ಪಾತ್ರೆಯ ಮೊದಲ ತೊಳೆಗೆ ಬಳಸಿದಳು. ಜಿಡ್ಡು ಚೆನ್ನಾಗಿ ಬಿಡುತ್ತದೆ. ಪಕ್ಕದ ಬಸ್ಸಿನಾಕೆ ಅದನ್ನು ಬರೆದುಕೊಂಡರು.

ಅಡುಗೆಯನ್ನೂ ನೀರು ನೋಡಿಯೇ ಆರಿಸಿ. ನಮಗೆ ಕೈ ಹಿಡಿದದ್ದು ಗೊಜ್ಜವಲಕ್ಕಿ. ಬೇಯಿಸುವ ಕೆಲಸ ಇಲ್ಲ, ಪಾತ್ರೆಯೂ ಒಂದೇ. ಸಾರು, ಹುಳಿ ಎಲ್ಲ ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ಗಟ್ಟಿ ಮಾಡಿ ಒಯ್ಯುವುದು ಒಳ್ಳೆಯದು. ಒಂದು ರಾತ್ರಿ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಊಟ ಮಾಡುತ್ತಾರೆ. ಅವತ್ತು ನಾವು ಚಿತ್ರಾನ್ನ ಮಾಡಿದ್ದೆವು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಅಡುಗೆಯಲ್ಲಿ ಕಡ್ಲೆಕಾಯಿ ಅಥವಾ ಗೋಡಂಬಿ ಇದ್ದರೆ, ಪಾತ್ರೆಯ ಪಕ್ಕದಲ್ಲಿ ದೊಡ್ಡದಾಗಿ ಬರೆದಿಡಿ. ಕಡ್ಲೆಕಾಯಿ ಆಗದವರು ಅಲ್ಲಿ ಇರುತ್ತಾರೆ, ಕೆಲವರಿಗೆ ಜೀವಕ್ಕೇ ಅಪಾಯ. ಹಾಲು, ತುಪ್ಪ ಇದ್ದರೂ ಬರೆಯಿರಿ, ಅದನ್ನು ತಿನ್ನದವರೂ ತುಂಬಾ ಜನ. ಮಗಳ ಮನೆಯಿಂದ ಒಯ್ದಿದ್ದ ಅಪ್ಪೆಮಿಡಿ ಅವತ್ತೇ ಖಾಲಿಯಾಯಿತು.

ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಇನ್ನೊಂದು ದೊಡ್ಡ ವಿಷಯ. ಬಯಲು ನೋಡಲಿಕ್ಕೆ ಒಂದೇ ಥರ ಇರುತ್ತದೆ, ಆದರೆ ಒಂದೇ ಥರ ಅಲ್ಲ. ಕಪ್ಪು ಕಂದು ಕಲ್ಲು ಹಾಸಿದ ಹಾಗಿರುವ ನೆಲ ಗಟ್ಟಿ, ಅಲ್ಲಿ ಬಸ್ಸು ಆರಾಮಾಗಿ ನಿಲ್ಲುತ್ತದೆ. ನಡುನಡುವೆ ಬಿಳೀ ಮರಳಿನ ತಗ್ಗು ಬರುತ್ತದೆ, ಅದರ ದಂಡೆಯಲ್ಲಿ ಪಾಲೋ ವರ್ಡಿ ಮರದ ಹಸಿರು ನೆರಳು. ಅಲ್ಲಿಯವರು ಆ ತಗ್ಗಿಗೆ ‘ವಾಶ್’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬತ್ತಿದ ಹಳ್ಳ. ನೆರಳು ಚೆನ್ನಾಗಿದೆ ಅಂತ ಅಳಿಯ ವ್ಯಾನನ್ನು ಅಲ್ಲಿಗೇ ಇಳಿಸಿದ. ಹಿಂದಿನ ಗಾಲಿ ರಿಮ್ಮಿನವರೆಗೆ ಹೂತಿತು. “ಮಾವ, ಜಾಸ್ತಿ ಆಕ್ಸಿಲರೇಟರ್ ಕೊಡ್ಲಾ?” ಅಂದ. ಬೇಡ ಅಂದೆ. ಮರಳಿನಲ್ಲಿ ಗಾಲಿ ತಿರುಗಿಸಿದಷ್ಟೂ ಗುಂಡಿ ತೋಡಿದ ಹಾಗೆ. ಗಾಲಿಯ ಮುಂದಿನ ಮರಳನ್ನು ಕೈಯಲ್ಲಿ ಇಳಿಜಾರು ಮಾಡಿ ತೆಗೆದು, ಎರಡು ಹಲಗೆ ತುರುಕಿ, ಟೈರಿನ ಗಾಳಿ ಸ್ವಲ್ಪ ಇಳಿಸಿ, ನಿಧಾನಕ್ಕೆ ಹತ್ತಿಸಿದೆವು. ಹಲಗೆ ಕೊಟ್ಟವರು ಮೂರು ಬಸ್ಸು ಆಚೆಯವರು. ಆದ್ದರಿಂದ ಹಲಗೆ ಎರಡು, ಸಣ್ಣ ಸಲಿಕೆ ಒಂದು, ಗಾಳಿ ತುಂಬುವ ಪಂಪು ಒಂದು ಇಟ್ಟುಕೊಳ್ಳಿ. ಹೂಳುವುದು ಮಾತ್ರವಲ್ಲ, ದೂರದ ಬೆಟ್ಟದಲ್ಲಿ ಮಳೆ ಬಂದರೆ ಈ ಹಳ್ಳದಲ್ಲಿ ನೀರು ಒಮ್ಮೆಲೇ ನುಗ್ಗುತ್ತದೆ. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿಯೇ ಇರಬಹುದು. ನಮ್ಮ ಕಡೆ ಹಳ್ಳ ಕೆಂಪಗೆ ಏರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗೆ ಕಂಬಳಿ ಒಯ್ಯಿರಿ. ಜನವರಿಯಲ್ಲಿ ಮಧ್ಯಾಹ್ನ 19 ಡಿಗ್ರಿ, ಅಂಗಿ ಸಾಕು. ಸೂರ್ಯ ಮುಳುಗಿದ ಅರ್ಧ ಗಂಟೆಗೆ ಕಿವಿ ತಣ್ಣಗಾಗುತ್ತದೆ, ಬೆಳಗಿನ ಜಾವ 5 ಡಿಗ್ರಿ, ಕೆಲವು ದಿನ ಅದಕ್ಕೂ ಕಡಿಮೆ. ಸೌದೆಯನ್ನು ಊರಿನಿಂದಲೇ ಕೊಂಡು ಒಯ್ಯಿರಿ. ಅಲ್ಲಿ ಮರ ಬೆಳೆಯುವುದು ಬಹಳ ನಿಧಾನ, ಒಂದು ರೆಂಬೆಯನ್ನೂ ಮುರಿಯಬೇಡಿ. ಧೂಳೆದ್ದಾಗ ಮಾಸ್ಕ್ ಹಾಕಿಕೊಳ್ಳಿ. ಅರಿಝೋನಾದ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ, ಉಸಿರಿನ ಜೊತೆ ಒಳಗೆ ಹೋದರೆ ‘ವ್ಯಾಲಿ ಫೀವರ್’ ಅನ್ನುವ ಕಾಯಿಲೆ ಬರಬಹುದು. ಊರಿಗೆ ಬಂದ ಮೇಲೆ ಕೆಮ್ಮು ಜ್ವರ ವಾರಗಟ್ಟಲೆ ಬಿಡದಿದ್ದರೆ, ಅರಿಝೋನಾಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಚೋಯಾ ಅನ್ನುವ ಕಳ್ಳಿಯ ಹತ್ತಿರ ಸುಳಿಯಬೇಡಿ. ಸ್ವಲ್ಪ ತಾಗಿದರೂ ಒಂದು ತುಂಡು ಕಳಚಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಹಿಡಿಯುತ್ತದೆ. ಬಾಚಣಿಗೆಯನ್ನು ಅಡಿಗೆ ತೂರಿಸಿ ಒಂದೇ ಸಲ ಎತ್ತಿ ಎಸೆಯಬೇಕು.

ಇನ್ನು ಬಸ್ಸುಗಳು. ನಾನು ಹೋದದ್ದೇ ಇದಕ್ಕೆ.

ಬಾಗಿಲು ಮುಚ್ಚಿದ್ದರೆ, ಪರದೆ ಎಳೆದಿದ್ದರೆ ಕರೆಯಬೇಡಿ. ಅದು ಮನೆ. ಬಾಗಿಲು ತೆಗೆದು ಹೊರಗೆ ಕುರ್ಚಿ ಹಾಕಿ ಕೂತಿದ್ದರೆ, ದೂರದಿಂದಲೇ ನಮಸ್ಕಾರ ಹೇಳಿ ನಿಂತುಕೊಳ್ಳಿ. ಅವರೇ ಬನ್ನಿ ಅನ್ನುತ್ತಾರೆ. ಒಳಗೆ ಹತ್ತುವಾಗ ಚಪ್ಪಲಿ ಬಿಡಬೇಕಾ ಅಂತ ಕೇಳಿ. ಹೆಚ್ಚಿನ ಕಡೆ ಬಿಡಬೇಕು, ನಮಗೆ ಅದು ಸಲೀಸು. ಕೇಳದೆ ಫೋಟೋ ತೆಗೆಯಬೇಡಿ. ಎಷ್ಟು ಖರ್ಚಾಯಿತು ಅಂತ ಮೊದಲ ಮಾತಿಗೇ ಕೇಳಬೇಡಿ. ಯಾವ ಎಂಜಿನ್ನು, ನೆಲದಲ್ಲಿ ತುಕ್ಕು ಎಷ್ಟಿತ್ತು ಅಂತ ಕೇಳಿ. ಅವರ ಮುಖ ಅರಳುತ್ತದೆ. ಬಸ್ಸಿನ ನೆಲದಲ್ಲಿ ಕಬ್ಬಿಣದ ತಗಡು, ಅದರ ಮೇಲೆ ಪ್ಲೈವುಡ್, ಅದರ ಮೇಲೆ ರಬ್ಬರ್ ಇರುತ್ತದೆ. ಮಕ್ಕಳ ಬೂಟಿನ ನೀರು ವರ್ಷಗಟ್ಟಲೆ ಅದರೊಳಗೆ ಇಳಿದಿರುತ್ತದೆ. ಪ್ಲೈವುಡ್ ಎಬ್ಬಿಸಿದಾಗ ಏನು ಕಂಡಿತು ಅನ್ನುವುದು ಒಬ್ಬೊಬ್ಬರಿಗೂ ಒಂದೊಂದು ಕಥೆ.

ಒಬ್ಬ ಹುಡುಗ ತನ್ನ ಬಸ್ಸಿನ ಚಾವಣಿಯನ್ನೇ ಎತ್ತಿಸಿದ್ದ. ಕಿಟಕಿಗಳ ನಡುವಿನ ಕಂಬಗಳನ್ನೆಲ್ಲ ಅಡ್ಡ ಕೊಯ್ದು, ನಾಲ್ಕು ಮೂಲೆಗೆ ಜಾಕ್ ಕೊಟ್ಟು, ಇಡೀ ಮಾಡನ್ನು ಸಮಕ್ಕೆ ಮೇಲೆತ್ತಿ, ನಡುವೆ ಹೊಸ ಚೌಕ ಪೈಪು ಸೇರಿಸಿ ವೆಲ್ಡ್ ಮಾಡಿದ್ದ. ಬೆಸುಗೆಯ ಮೇಲೆ ಬೆರಳು ಆಡಿಸಿ ನೋಡಿದೆ. ಒಂದು ಕಡೆಯೂ ಉಬ್ಬು ತಗ್ಗು ಇಲ್ಲ. ಮೂರು ತಿಂಗಳು ಒಬ್ಬನೇ ಮಾಡಿದ್ದಂತೆ. ಬಸ್ ಬಾಡಿ ಕೆಲಸ ಕಲಿಯುವ ನಮ್ಮ ಹುಡುಗರಿಗೆ ಇದನ್ನು ತೋರಿಸಬೇಕು ಅಂತ ತುಂಬಾ ಅನಿಸಿತು. ಆದರೆ ನೋಡಿ ಬಂದವರು ಇಲ್ಲಿ ಸುಮ್ನೆ ಕೊಯ್ಯಲಿಕ್ಕೆ ಹೋಗಬೇಡಿ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಗಾಡಿಯ ರೂಪ ಬದಲಾಯಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಹಳದಿ ಬಣ್ಣದ ಬಸ್ಸು ಅಲ್ಲಿ ಕಡಿಮೆ. ನಾನು ಬರೀ ಹಳದಿ ಇರುತ್ತದೆ ಅಂದುಕೊಂಡಿದ್ದೆ. ಶಾಲೆಯ ಕೆಲಸ ಬಿಟ್ಟ ಬಸ್ಸಿಗೆ ಆ ಬಣ್ಣ ಇರಬಾರದು ಅಂತ ಅಲ್ಲಿಯ ಹಲವು ರಾಜ್ಯಗಳಲ್ಲಿ ನಿಯಮ ಇದೆ. ‘ಸ್ಟಾಪ್’ ಅಂತ ಪಕ್ಕಕ್ಕೆ ಚಾಚುವ ಫಲಕವನ್ನೂ ತೆಗೆಯಬೇಕು. ಆ ಹಳದಿ ಬಂದದ್ದು 1939ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಅನ್ನುವವರು ಸಭೆ ಕರೆದು, ಶಾಲಾ ಬಸ್ಸಿಗೆ ಇಡೀ ದೇಶದಲ್ಲಿ ಒಂದೇ ಬಣ್ಣ ಇರಲಿ ಅಂತ ತೀರ್ಮಾನ ಮಾಡಿಸಿದರು. ಬೆಳಗಿನ ಮಬ್ಬು ಬೆಳಕಿನಲ್ಲಿ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಅನ್ನುವುದು ಕಾರಣ. ಈಗ ನಮ್ಮ ಮಕ್ಕಳು ಹತ್ತುವ ಬಸ್ಸೂ ಹಳದಿಯೇ ಅಲ್ವಾ?

ಪಾಯಿಖಾನೆ ಬಗ್ಗೆ ನಾಚಿಕೆ ಇಲ್ಲದೆ ಹೇಳಬೇಕು, ಯಾಕೆಂದರೆ ವಯಸ್ಸಾದವರು ಇದಕ್ಕೇ ಹೆದರಿ ಬರಲ್ಲ ಅನ್ನುತ್ತಾರೆ. ಬಸ್ಸುಗಳಲ್ಲಿ ನೀರಿಲ್ಲದ ಪಾಯಿಖಾನೆ ಇರುತ್ತದೆ. ಒಂದಕ್ಕೆ ಹೋದದ್ದು ಮುಂದಿನ ಡಬ್ಬಿಗೆ ಬೇರೆಯಾಗಿ ಹೋಗುತ್ತದೆ, ಹಿಂದಿನದಕ್ಕೆ ತೆಂಗಿನ ನಾರಿನ ಪುಡಿ ಹಾಕುತ್ತಾರೆ. ಎರಡೂ ಸೇರದಿದ್ದರೆ ವಾಸನೆಯೇ ಬರುವುದಿಲ್ಲ. ಆ ಪುಡಿ ಇಟ್ಟಿಗೆಯ ಹಾಗೆ ಒತ್ತಿ ಬರುತ್ತದೆ. ನಮ್ಮ ನರ್ಸರಿಗಳಲ್ಲಿ ಸಿಗುವ ಕೋಕೋಪೀಟ್ ಅದೇ. ಬಾಡಿಗೆ ವ್ಯಾನಿನಲ್ಲಿ ಹೋಗುವವರು ಮುಚ್ಚಳ ಇರುವ ಬಕೆಟ್ ಪಾಯಿಖಾನೆ, ಅದರ ಚೀಲ, ಒಂದು ಸಣ್ಣ ನಿಲ್ಲಿಸುವ ಟೆಂಟು ಒಯ್ದರೆ ಸಾಕು. ನಮ್ಮನೆಯವಳಿಗೆ ಮಂಡಿ ನೋವಿದೆ, ಅವಳಿಗೂ ತೊಂದರೆ ಆಗಲಿಲ್ಲ.

ಕೈಕೆಲಸ ಬರುವವರು ಸಾಮಾನು ಒಯ್ಯಿರಿ. ನಾನು ಊರಿನಿಂದ ಹೊರಡುವಾಗಲೇ ಅಭ್ಯಾಸಬಲದಿಂದ ಒಂದು 19ರ ಸ್ಪ್ಯಾನರನ್ನು ಸೂಟ್‌ಕೇಸಿಗೆ ಹಾಕಿದ್ದೆ. ಕೈಚೀಲದಲ್ಲಿ ಇಡಬೇಡಿ, ವಿಮಾನದಲ್ಲಿ ಬಿಡುವುದಿಲ್ಲ. ಅಮೆರಿಕದ ಹಳೇ ಬಸ್ಸುಗಳಲ್ಲಿ ಇಂಚಿನ ಅಳತೆಯ ನಟ್ಟು ಜಾಸ್ತಿ. ಆದರೆ ಮುಕ್ಕಾಲು ಇಂಚಿಗೆ ನಮ್ಮ 19 ಸರಿಯಾಗಿ ಕೂರುತ್ತದೆ.

ಮೂರನೇ ದಿನ ಅದು ಕೆಲಸಕ್ಕೆ ಬಂತು. ಅರವತ್ತು ದಾಟಿದ ಒಬ್ಬ ಹೆಂಗಸು, ಒಬ್ಬರೇ ಇರುವವರು, ಬಸ್ಸಿನ ಗಾಳಿ ನಿಲ್ಲುತ್ತಿಲ್ಲ ಅಂತ ಚಿಂತೆಯಲ್ಲಿದ್ದರು. ಏರ್ ಬ್ರೇಕಿನ ಬಸ್ಸು, ಅಂದರೆ ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯಿಂದ ಬ್ರೇಕು ನಡೆಯುವಂಥದ್ದು. ಎಂಜಿನ್ ಚಾಲೂ ಮಾಡಿದರೆ ಗಾಳಿಯ ಒತ್ತಡ ತೋರಿಸುವ ಮುಳ್ಳು 120ಕ್ಕೆ ಏರುತ್ತದೆ, ನಿಲ್ಲಿಸಿದ ಕಾಲು ಗಂಟೆಗೆ 60ಕ್ಕೆ ಇಳಿದು ಬಜರ್ ಕೂಗುತ್ತದೆ. ಇಂಗ್ಲಿಷ್ ಮಾತು ಬಾರದವರು ಹೆದರಬೇಡಿ, ಏರ್ ಲೀಕ್ ಅನ್ನುವುದು ಎಲ್ಲ ಊರಿನಲ್ಲೂ ಏರ್ ಲೀಕೇ. ಮೊದಲು ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿಸಿದೆ. ಅರ್ಧ ಲೋಟ ಸೋಪಿನ ನೀರು, ಒಂದು ಹಳೇ ಬ್ರಷ್ ಕೇಳಿದೆ. ಅಡಿಗೆ ನುಸುಳಿ ಟ್ಯಾಂಕಿನಿಂದ ಶುರುಮಾಡಿ ಒಂದೊಂದೇ ಜೋಡಣೆಗೆ ನೊರೆ ಸವರಿದೆ. ಎರಡನೇ ಟ್ಯಾಂಕಿನ ಹಿತ್ತಾಳೆ ಫಿಟ್ಟಿಂಗಿನ ಬುಡದಲ್ಲಿ ಗುಳ್ಳೆ ಎದ್ದಿತು, ಕಪ್ಪೆ ಮೊಟ್ಟೆಯ ಹಾಗೆ ಒಂದರ ಮೇಲೊಂದು. ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಸ್ಪ್ಯಾನರ್ ಹಾಕಿದೆ. ಗಾಳಿ ಇದ್ದಾಗ ಯಾವ ಜೋಡಣೆಯನ್ನೂ ಬಿಚ್ಚಬೇಡಿ, ಕಣ್ಣು ಹೋಗುತ್ತದೆ. ನಟ್ಟು ಕಾಲು ಸುತ್ತು ಬಿಗಿಯಾಯಿತು. ಮತ್ತೆ ಎಂಜಿನ್ ಹಾಕಿ, 120ಕ್ಕೆ ಏರಿಸಿ, ನಿಲ್ಲಿಸಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಮುಳ್ಳು ನೋಡಿದೆವು. ಅರ್ಧ ಗಂಟೆ ಆದರೂ ಅದು ಅಲ್ಲಾಡಲಿಲ್ಲ. ಊರು ತಲುಪಿದ ಮೇಲೆ ಹೊಸ ಫಿಟ್ಟಿಂಗ್ ಹಾಕಿಸಿ ಅಂತ ಮಗಳ ಕೈಯಲ್ಲಿ ಹೇಳಿಸಿದೆ.

ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ನನಗೆ ಆದ ಸಂಕಟ ಹೇಳತೀರದು. ಓಡುತ್ತಿದ್ದ ಬಸ್ಸು ನಿಂತಲ್ಲೇ ನಿಂತರೆ ಆರು ತಿಂಗಳಲ್ಲಿ ಅದರ ಕಳೆ ಹೋಗುತ್ತದೆ. ಆ ಮರುಭೂಮಿಯಲ್ಲಿ ಗುಜರಿಗೆ ಹೋಗಬೇಕಾಗಿದ್ದ ಬಸ್ಸು ಮತ್ತೆ ಗಾಳಿ ಹಿಡಿದು ನಿಂತದ್ದು ಕಂಡು ಅವತ್ತು ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಆಕೆ ದುಡ್ಡು ಕೊಡಲು ಬಂದರು, ಬೇಡ ಅಂದೆ. ಹಾಗಾದರೆ ನಿಮ್ಮ ಹೆಂಡತಿ ನಮ್ಮ ಬಸ್ಸಿನಲ್ಲಿ ಬಿಸಿನೀರಿನ ಸ್ನಾನ ಮಾಡಲಿ ಅಂದರು. ಆ ಬಯಲಿನಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿತ್ತು. ನಮ್ಮನೆಯವಳು ಮೂರು ದಿನದಿಂದ ಬಚ್ಚಲ ಹಂಡೆ ನೆನೆಸಿಕೊಳ್ಳುತ್ತಿದ್ದಳು. ಒಂದು ಬಕೆಟ್ ಬಿಸಿನೀರು ಕೊಟ್ಟರು. ಅವಳು ಸ್ನಾನ ಮುಗಿಸಿ ಕೂದಲು ಒರೆಸಿಕೊಂಡು ಬಂದಾಗ ಬಕೆಟ್ಟಿನಲ್ಲಿ ಅರ್ಧ ನೀರು ಹಾಗೇ ಉಳಿಸಿದ್ದಳು.

ಸಮಯ ಇದ್ದರೆ ಕ್ವಾರ್ಟ್ಸ್‌ಸೈಟ್ ಊರಿನ ಸ್ಮಶಾನಕ್ಕೆ ಹೋಗಿ ಬನ್ನಿ. 1856ರಲ್ಲಿ ಅಮೆರಿಕದ ಸೈನ್ಯ ಒಂಟೆ ತರಿಸಿಕೊಂಡಾಗ ಅದರ ಜೊತೆ ಬಂದ ಹಾಜಿ ಅಲಿ ಅನ್ನುವ ಒಂಟೆ ಸವಾರನ ಸಮಾಧಿ ಅಲ್ಲಿದೆ. ಕಲ್ಲಿನ ಪಿರಮಿಡ್ಡು, ತುದಿಯಲ್ಲಿ ಒಂದು ಒಂಟೆ. ಜನವರಿಯಲ್ಲಿ ಊರಿನ ತುಂಬ ಹರಳು ಕಲ್ಲಿನ ಸಂತೆಯೂ ಇರುತ್ತದೆ.

ಹೊರಡುವ ದಿನ ಎರಡು ಗಂಟೆ ಬೇಗ ಏಳಿ. ತಂದದ್ದೆಲ್ಲ ವಾಪಸ್ ಹೋಗಬೇಕು. ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲದೆ ಖಾಲಿ ಕ್ಯಾನಿನಲ್ಲಿ ತುಂಬಿಕೊಂಡು, ಊರಿನಲ್ಲಿ ದುಡ್ಡು ಕೊಟ್ಟು ಸುರಿಯುವ ಜಾಗದಲ್ಲಿ ಸುರಿಯಿರಿ. ಬೆಂಕಿ ಹಾಕಿದ್ದರೆ ಬೂದಿಯೊಳಗೆ ಕೈ ಇಡುವಷ್ಟು ತಣ್ಣಗಾಗುವವರೆಗೆ ಆರಿಸಿ. ಆಮೇಲೆ ಗಾಡಿ ಸ್ವಲ್ಪ ಮುಂದೆ ತೆಗೆದು, ನೀವು ಇದ್ದ ಜಾಗದಲ್ಲಿ ಎಲ್ಲರೂ ಸಾಲಾಗಿ, ನಾಟಿ ಗದ್ದೆಯಲ್ಲಿ ಹಿಂದೆ ಸರಿಯುತ್ತೀವಲ್ಲ ಹಾಗೆ, ನೆಲ ನೋಡುತ್ತಾ ಒಮ್ಮೆ ನಡೆಯಿರಿ. ನಮಗೆ ಎರಡು ಟೆಂಟಿನ ಗೂಟ, ಒಂದು ಹೇರ್‌ಪಿನ್ನು, ಬೆಳ್ಳುಳ್ಳಿ ಸಿಪ್ಪೆ, ಒಂದು ಹಿಡಿ ಅವಲಕ್ಕಿ ಸಿಕ್ಕಿತು. ಅವಲಕ್ಕಿಯನ್ನು ಮೊಮ್ಮಗು ಆರಿಸುವ ಹಾಗೆ ಒಂದೊಂದೇ ಆರಿಸಿ ಚೀಲಕ್ಕೆ ಹಾಕಿದೆವು.